ಡಿಸ್ಕ್ ಇನ್ನೂ ಬಂದಿಲ್ಲ

ಕೃತಕ ಕೈಕಾಲುಗಳನ್ನು ತಯಾರಿಸುವ ನಮ್ಮ ಕೇಂದ್ರದಲ್ಲಿ ಹೆಸರಾದವರೆಂದರೆ ಮೊದಲು ವೈದ್ಯರು, ಆಮೇಲೆ ಅಚ್ಚು ತೆಗೆಯುವ ಮೇಸ್ತ್ರಿಗಳು, ಆಮೇಲೆ ನಡಿಗೆ ಕಲಿಸುವವರು. ಕಾಲು ಕಳೆದುಕೊಂಡ ಒಬ್ಬ ಮನುಷ್ಯನ ಅಳತೆ ಅಳತೆಕೋಣೆಯಿಂದ ಹೊರಟು, ಅಂಗಳ ದಾಟಿ, ಕಾರ್ಯಾಗಾರದ ಕೊರೆಯುವ ಯಂತ್ರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಲುಪುವುದು ಯಾರಿಂದ ಎಂದು ಕೇಳಿದವರು ಕಡಿಮೆ. ಯಾರೂ ಕೇಳದ ಆ ಪ್ರಶ್ನೆಗೆ ಇಷ್ಟು ಕಾಲ ಉತ್ತರವಾಗಿ ನಿಂತವರು, ಮೂವತ್ತಮೂರು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಿರುವ, ನಾವೆಲ್ಲ ‘ಕಪ್ಪುಪರದೆ ಮೇಡಂ’ ಎಂದು ಕರೆಯುವ ಹಿರಿಯರು. ಎಲ್ಲೋ ದೂರದ ಕಟ್ಟಡದಲ್ಲಿ ಬಾಡಿಗೆಗೆ ಹಿಡಿದಿರುವ ಡಿಸ್ಕುಗಳನ್ನು, ಅಂದರೆ ಕ್ಲೌಡ್ ಎಂದು ಎಲ್ಲರೂ ಹೇಳುವ ಆ ಕಣ್ಣಿಗೆ ಕಾಣದ ಉಗ್ರಾಣವನ್ನು, ನಮ್ಮ ಹದಿನಾಲ್ಕು ಕಂಪ್ಯೂಟರುಗಳಿಗೆ ಜೋಡಿಸಿ, ಹಂಚಿ, ಬೇಕಾದಾಗ ಬಿಚ್ಚಿ, ಸಾಲದಾದಾಗ ಹಿಗ್ಗಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ವಿದ್ಯೆಯಲ್ಲಿ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಹೊಗಳಿಕೆಯ ಪಾಲು ಇಷ್ಟಕ್ಕೆ ಮುಗಿಯಿತು ಎಂದುಕೊಂಡರೂ ಅಡ್ಡಿಯಿಲ್ಲ.

ಅಭಿನಂದನ ಸಮಿತಿಯವರು ಗ್ರಂಥಕ್ಕೆ ಲೇಖನ ಕೋರಿ ನನಗೆ ಬರೆದ ಪತ್ರದಲ್ಲಿ ಮೂರು ಸೂಚನೆಗಳಿದ್ದವು. ಲೇಖನ ಹಿತಮಿತವಾಗಿರಬೇಕು, ಮೇಡಂ ಅವರ ಸದಾ ಹಸನ್ಮುಖದ ಬಗ್ಗೆ ಒಂದೆರಡು ಪ್ರಸಂಗಗಳಿರಬೇಕು, ಸಂದರ್ಭದ ಪಾವಿತ್ರ್ಯವನ್ನು ಗಮನದಲ್ಲಿಟ್ಟು ಹಳೆಯ ಕಹಿ ವಿಷಯಗಳನ್ನು ಕೆದಕಬಾರದು. ಹನ್ನೆರಡು ವರ್ಷ ಅವರ ಜೊತೆ ಕೆಲಸ ಮಾಡಿದ ನಾನು ಅವರು ನಕ್ಕಿದ್ದನ್ನು ಹೆಚ್ಚೆಂದರೆ ನಾಲ್ಕು ಬಾರಿ ನೋಡಿದ್ದೇನೆ, ಅದರಲ್ಲಿ ಎರಡು ಬಾರಿ ನನ್ನನ್ನು ನೋಡಿಯೇ ನಕ್ಕದ್ದು. ಹಸನ್ಮುಖವಂತೆ! ಇವರು ಯಾರ ಬಗ್ಗೆ ಗ್ರಂಥ ಮಾಡುತ್ತಿದ್ದಾರೆ ಎಂದು ಇವರಿಗೇ ಗೊತ್ತಿದ್ದಂತಿಲ್ಲ. ಇನ್ನು ಕಹಿ ವಿಷಯ. ಅದು ಹಳೆಯದಲ್ಲ. ಅದು ಅವರ ಸೇವಾ ಪುಸ್ತಕದ ಮೂವತ್ತೆರಡನೆಯ ಪುಟದಲ್ಲಿ, ಕೆಂಪು ಶಾಯಿಯಲ್ಲಿ, ನಾನು ಈ ಸಾಲನ್ನು ಬರೆಯುತ್ತಿರುವ ಈ ಬೆಳಿಗ್ಗೆಯೂ ಇದೆ. ‘ಗಂಭೀರ ನಿರ್ಲಕ್ಷ್ಯ’ ಎಂಬ ಆ ಷರಾ ಅಳಿಯದೆ ಅವರು ನಿವೃತ್ತರಾದರೆ, ಈ ಗ್ರಂಥಕ್ಕೆ ಹಾಕಿದ ರೇಷ್ಮೆ ರಟ್ಟು ಕೂಡ ಸುಳ್ಳು. ಆದ್ದರಿಂದ ಕೆದಕುತ್ತೇನೆ.

ಮೇಡಂ ಅವರು ಕೇಂದ್ರಕ್ಕೆ ಬಂದದ್ದು ಅಳತೆ ಕಾರ್ಡು ಬರೆಯುವ ಗುಮಾಸ್ತೆಯಾಗಿ. ಆಗ ಕಾಲಿನ ಅಳತೆಯೆಂದರೆ ಟೇಪು, ಪ್ಲಾಸ್ಟರ್ ಸುತ್ತಿ ತೆಗೆದ ಅಚ್ಚು, ಮತ್ತು ಹಳದಿ ಕಾರ್ಡು. ಅಚ್ಚುಗಳನ್ನು ಉದ್ದನೆಯ ಹಲಗೆಗಳ ಮೇಲೆ ಸಾಲಾಗಿ ಇಡುತ್ತಿದ್ದರು. ಕಾರ್ಡು ಕಳೆದುಹೋದರೆ ಯಾವ ಅಚ್ಚು ಯಾರದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಇವರು ಸೇರಿದ ಮೊದಲ ವರ್ಷವೇ ಪ್ರತಿ ಅಚ್ಚಿನ ಒಳಮೈಗೂ ಪೆನ್ಸಿಲಿನಲ್ಲಿ ಕಾರ್ಡಿನ ಸಂಖ್ಯೆ ಬರೆಯುವ ಪದ್ಧತಿ ತಂದರಂತೆ. ಹಿರಿಯ ಪ್ಲಾಸ್ಟರ್ ಮೇಸ್ತ್ರಿಯೊಬ್ಬರು, ನಿನ್ನೆ ಬಂದವಳು ನಮಗೆ ಬುದ್ಧಿ ಹೇಳುತ್ತಾಳಾ ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ಆಮೇಲೆ ಒಂದು ದಿನ ಹಲಗೆ ಮುರಿದು ಅರವತ್ತು ಅಚ್ಚುಗಳು ಕಲಸಿಹೋದಾಗ, ಒಳಗಿನ ಸಂಖ್ಯೆ ನೋಡಿ ನೋಡಿ ಅಷ್ಟನ್ನೂ ಜೋಡಿಸಿದ ಅದೇ ಮೇಸ್ತ್ರಿ, ಮಾರನೆಯ ದಿನದಿಂದ ಇವರಿಗೆ ತಾವೇ ಪೆನ್ಸಿಲು ಚೂಪು ಮಾಡಿ ಕೊಡುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿದ್ದೇನೆ.

ಕಂಪ್ಯೂಟರು ಬಂದಾಗ ಗುಮಾಸ್ತರಲ್ಲಿ ಹೆದರದೆ ಮುಂದೆ ಹೋದವರು ಇವರೊಬ್ಬರೇ. ಪ್ಲಾಸ್ಟರಿನ ಧೂಳು ಕೀಲಿಮಣೆಯೊಳಗೆ ಕೂತು ಅಕ್ಷರಗಳು ಅಂಟಿಕೊಳ್ಳುತ್ತಿದ್ದ ಕಾಲ. ಇವರ ಮೇಜಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಸದಾ ಇರುತ್ತಿತ್ತು, ಈಗಲೂ ಇದೆ. ಅಳತೆಯನ್ನು ಕ್ಯಾಮೆರಾದಂಥ ಸ್ಕ್ಯಾನರಿನಿಂದ ತೆಗೆಯುವ ಕಾಲ ಬಂದು, ಆ ಕಡತಗಳನ್ನು ಕ್ಲೌಡ್ ಡಿಸ್ಕಿನಲ್ಲಿಟ್ಟು ಅಳತೆಕೋಣೆ, ವೈದ್ಯರ ಕೋಣೆ, ಕಾರ್ಯಾಗಾರ ಮೂರೂ ಕಡೆ ಹಂಚಿಕೊಳ್ಳಬೇಕಾದಾಗ, ಕಂಪನಿಯವರು ಬಣ್ಣಬಣ್ಣದ ಪುಟವೊಂದನ್ನು ಕೊಟ್ಟರು. ಮೌಸ್ ಹಿಡಿದು ಎರಡು ಕಡೆ ಒತ್ತಿದರೆ ಡಿಸ್ಕು ಹುಟ್ಟುತ್ತದೆ, ಇನ್ನೊಂದು ಕಡೆ ಒತ್ತಿದರೆ ಸಾಯುತ್ತದೆ. ಮೇಡಂ ಅದನ್ನು ಮುಟ್ಟಲಿಲ್ಲ. ಕಪ್ಪು ಪರದೆಯಲ್ಲಿ ಒಂದೊಂದೇ ಆದೇಶವನ್ನು ಬೆರಳಚ್ಚು ಮಾಡಿ ಕೆಲಸ ಮಾಡುವುದನ್ನು ಕಲಿತರು. ಯಾಕೆ ಈ ಕಷ್ಟ ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಚಿಕ್ಕದು: ಒತ್ತಿ ಮಾಡಿದ ಕೆಲಸಕ್ಕೆ ಗುರುತಿರುವುದಿಲ್ಲ, ಬರೆದು ಮಾಡಿದ ಕೆಲಸಕ್ಕೆ ಸಾಲು ಉಳಿಯುತ್ತದೆ, ನಾಳೆ ಯಾರಾದರೂ ಬಂದು ಯಾರು ಮಾಡಿದ್ದು ಎಂದರೆ ತೋರಿಸಲು ಸಾಲು ಇರಬೇಕು. ಯಾವ ಕಂಪ್ಯೂಟರಿನಲ್ಲಿ, ಯಾರ ಹೆಸರಿನಲ್ಲಿ, ಎಷ್ಟು ಗಂಟೆಗೆ ಯಾವ ಆದೇಶ ಕೊಟ್ಟರೆಂಬುದು ಅಲ್ಲಿ ತಾನಾಗಿ ದಾಖಲಾಗುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಆಗ ಇಟ್ಟುಕೊಳ್ಳಲಿಲ್ಲ.

ನಾನು ಹನ್ನೆರಡು ವರ್ಷದ ಹಿಂದೆ ತಾತ್ಕಾಲಿಕ ನೌಕರನಾಗಿ ಅವರ ಕೈಕೆಳಗೆ ಸೇರಿದೆ. ಮೂರನೆಯ ದಿನಕ್ಕೇ ನನಗೆ ‘ಅವಸರದಪ್ಪ’ ಎಂದು ಹೆಸರಿಟ್ಟರು. ಅವರ ಪಾಠದ ಕ್ರಮವೇ ಬೇರೆ. ಆದೇಶ ಬರೆದಾದ ಮೇಲೆ ಎರಡೂ ಕೈಗಳನ್ನು ಕೀಲಿಮಣೆಯಿಂದ ಮೇಲೆತ್ತಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ಆಮೇಲೆ ಒತ್ತಬೇಕು. “ಕೈ ಎತ್ತು, ಓದು, ಆಮೇಲೆ ಒತ್ತು” ಎನ್ನುವುದನ್ನು ದಿನಕ್ಕೆ ಹತ್ತು ಸಲ ಕೇಳಿ, ಶಾಲೆಯ ಮಗುವಿನಂತೆ ಕೈ ಮೇಲೆತ್ತಿ ಕೂರುವುದು ನನಗೆ ನಾಚಿಕೆಗೇಡೆನಿಸುತ್ತಿತ್ತು. ಎರಡನೆಯ ಪಾಠ, ಕಡತಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವ ಬಗೆ. ನೇರವಾಗಿ ಎತ್ತಿಡಲು ಆದೇಶವಿದ್ದರೂ ಅದನ್ನು ಬಳಸಲು ಬಿಡುತ್ತಿರಲಿಲ್ಲ. ಮೊದಲು ನಕಲು, ಆಮೇಲೆ ತಾಳೆ, ಕೊನೆಗೆ ಅಳಿಸುವುದು. ತಾಳೆ ನೋಡದೆ ಅಳಿಸಿದವನನ್ನು ಅವರು ಆ ದಿನವೆಲ್ಲ ಮಾತನಾಡಿಸುತ್ತಿರಲಿಲ್ಲ.

ಮೂರನೆಯ ಪಾಠವೇ ಈ ಲೇಖನದ ಹೊಟ್ಟೆಯೊಳಗಿನ ಮುಳ್ಳು. ಕ್ಲೌಡ್ ಡಿಸ್ಕನ್ನು ಕಂಪ್ಯೂಟರಿಗೆ ‘ಮೌಂಟ್’ ಮಾಡುವುದೆಂದರೆ, ಇಲ್ಲಿರುವ ಒಂದು ಖಾಲಿ ಫೋಲ್ಡರಿನ ಮೇಲೆ ಅದನ್ನು ತಂದು ಹಾಸುವುದು, ನೆಲದ ಮೇಲೆ ಚಾಪೆ ಹಾಸಿದಂತೆ. ಆಮೇಲೆ ಆ ಫೋಲ್ಡರಿನಲ್ಲಿ ಇಟ್ಟದ್ದೆಲ್ಲ ಡಿಸ್ಕಿಗೆ ಹೋಗುತ್ತದೆ, ಎಲ್ಲ ಕಡೆ ಕಾಣುತ್ತದೆ. ಆದರೆ ಏನೋ ಕಾರಣಕ್ಕೆ ಡಿಸ್ಕು ಬಾರದಿದ್ದರೆ ಫೋಲ್ಡರು ತನ್ನ ಪಾಡಿಗೆ ತಾನು ಬಾಯಿ ತೆರೆದುಕೊಂಡಿರುತ್ತದೆ, ಕೊಟ್ಟದ್ದನ್ನೆಲ್ಲ ಸದ್ದಿಲ್ಲದೆ ನುಂಗುತ್ತದೆ. ಚಾಪೆಯಿಲ್ಲದಾಗ ನೆಲದ ಮೇಲೆ ಇಟ್ಟ ಉಂಗುರ, ಚಾಪೆ ಹಾಸಿದೊಡನೆ ಕಾಣೆ! ಹೋಗಿರುವುದಿಲ್ಲ, ಅಡಿಯಲ್ಲೇ ಇರುತ್ತದೆ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಮೇಡಂ ಕಂಡುಕೊಂಡ ಉಪಾಯ, ಹದಿನಾಲ್ಕೂ ಕಂಪ್ಯೂಟರುಗಳ ಆ ಖಾಲಿ ಫೋಲ್ಡರಿನೊಳಗೆ ಮೊದಲೇ ಒಂದು ಪುಟ್ಟ ಕಡತವನ್ನು ಇಡುವುದು. ಅದರ ಹೆಸರು ‘ಡಿಸ್ಕ್ ಇನ್ನೂ ಬಂದಿಲ್ಲ’. ಡಿಸ್ಕು ಬಂದರೆ ಅದು ಅಡಿಗೆ ಹೋಗಿ ಮರೆಯಾಗುತ್ತದೆ. ಬಾರದಿದ್ದರೆ ಎಚ್ಚರಿಕೆಯ ಫಲಕದಂತೆ ಎದುರಿಗೆ ಕಾಣುತ್ತದೆ. ಸ್ಕ್ಯಾನರು ಶುರುವಾಗುವ ಮೊದಲು ಆ ಫಲಕ ಇದೆಯೇ ಎಂದು ಇಣುಕಿ ನೋಡಿ, ಇದ್ದರೆ ಕೀರ್ ಎಂದು ಕೂಗಿ ನಿಲ್ಲುವಂತೆ ಮಾಡಿದ್ದರು. ಇಷ್ಟನ್ನೂ ನಾನು ಸೇರಿದ ಮೊದಲ ವಾರವೇ ವಿವರಿಸಿದ್ದರು. ನಾನು ತಲೆಯಾಡಿಸಿದ್ದೆ, ಕೇಳಿಸಿಕೊಂಡಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಮೇಡಂ ತಮ್ಮ ಅಕ್ಕನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು, ಮುಂಚಿತವಾಗಿ ಅರ್ಜಿ ಕೊಟ್ಟು, ಮಂಜೂರು ಮಾಡಿಸಿಕೊಂಡು, ಮಾಡಬೇಕಾದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ನನ್ನ ಕೈಗಿಟ್ಟು ರಜೆ ಹೋದರು. ಅವರು ಹೋದ ಮಾರನೆಯ ದಿನ ಅಳತೆಕೋಣೆಯ ಕಂಪ್ಯೂಟರು ತಾನಾಗಿ ಒಮ್ಮೆ ಆರಿ ಹತ್ತಿಕೊಂಡಿತು. ಡಿಸ್ಕು ಬರಲಿಲ್ಲ. ಸ್ಕ್ಯಾನರು ಇಣುಕಿ ನೋಡಿತು, ಫಲಕ ಕಾಣಲಿಲ್ಲ, ಎಲ್ಲ ಸರಿಯಿದೆ ಎಂದುಕೊಂಡಿತು. ಕಾರಣ ಇಷ್ಟೆ: ಆ ಫಲಕವನ್ನು ಯಾರೋ ಮೂರು ವಾರದ ಹಿಂದೆ ಅಳಿಸಿಹಾಕಿದ್ದರು. ಆ ಯಾರೋ ಯಾರು ಎಂಬುದಕ್ಕೆ ಬರುತ್ತೇನೆ. ಆರು ದಿನ, ನಲವತ್ತಮೂರು ಮಂದಿಯ ಅಳತೆಗಳು ಡಿಸ್ಕಿನ ಬದಲು ಆ ಖಾಲಿ ಫೋಲ್ಡರಿಗೆ ಬಿದ್ದವು. ಕಾರ್ಯಾಗಾರದವರು ವಾರಕ್ಕೊಮ್ಮೆ ಮಾತ್ರ ಹೊಸ ಅಳತೆಗಳನ್ನು ಎತ್ತಿಕೊಳ್ಳುವ ಪದ್ಧತಿಯಾದ್ದರಿಂದ ಅಲ್ಲಿಯವರೆಗೆ ಯಾರಿಗೂ ತಿಳಿಯಲಿಲ್ಲ. ಆರನೆಯ ದಿನ ನಾನು ಡಿಸ್ಕು ಇಲ್ಲದ್ದನ್ನು ನೋಡಿ, ನನ್ನ ಹೆಸರಿಗೆ ತಕ್ಕಂತೆ, ಅಡಿಯಲ್ಲಿ ಏನಿದೆಯೆಂದು ನೋಡದೆ, ಕೈ ಎತ್ತದೆ, ಓದದೆ, ಮೌಂಟ್ ಮಾಡಿಬಿಟ್ಟೆ. ನಲವತ್ತಮೂರು ಮಂದಿಯ ಮೇಲೆ ಚಾಪೆ ಹಾಸಿದ್ದು ನಾನು.

ಆಮೇಲಿನ ಗದ್ದಲವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಂದಿನ ಆಡಳಿತಾಧಿಕಾರಿಗಳು, ಅಂದರೆ ಇಂದು ಈ ಸಂಪುಟದ ಗೌರವ ಸಂಪಾದಕರಾಗಿರುವ ಮಾನ್ಯರು, ಮೇಡಂ ಅವರಿಗೆ ಒಂದು ಫೋನು ಮಾಡೋಣ ಎಂದು ಯಾರೋ ಅಂದದ್ದಕ್ಕೆ, ರಜೆಯಲ್ಲಿರುವವರನ್ನು ಕೇಳಿ ಕೇಂದ್ರ ನಡೆಸುವ ಗತಿ ಬಂದಿಲ್ಲ ಎಂದರು. ಕೇಳಿದ್ದರೆ ಐದು ನಿಮಿಷದ ಕೆಲಸ! ಅದರ ಬದಲು ನಲವತ್ತಮೂರು ಮನೆಗಳಿಗೆ ಕರೆ ಹೋಯಿತು: ನಿಮ್ಮ ಅಳತೆ ಕಳೆದುಹೋಗಿದೆ, ಮತ್ತೆ ಬನ್ನಿ. ಮತ್ತೆ ಬರುವುದೆಂದರೆ ಏನೆಂದು ಆ ಕರೆ ಮಾಡಿಸಿದವರಿಗೆ ಗೊತ್ತಿರಲಿಲ್ಲ. ಊರುಗೋಲಿನಲ್ಲಿ ಎರಡು ಬಸ್ಸು ಬದಲಿಸುವುದು. ಅಪರಿಚಿತರೆದುರು ಪಟ್ಟಿ ಬಿಚ್ಚಿ, ಉಳಿದ ಅರ್ಧ ಕಾಲನ್ನು ಬೆಳಕಿಗೆ ಹಿಡಿದು, ಅರ್ಧ ಗಂಟೆ ಅಲುಗಾಡದೆ ಕೂರುವುದು. ಎರಡೇ ದಿನದಲ್ಲಿ ಹನ್ನೊಂದು ಮಂದಿ ಬಂದರು. ಅವರಲ್ಲಿ ಒಬ್ಬಾಕೆ ಹೊಲಿಗೆಯಂತ್ರ ತುಳಿದು ಸಂಸಾರ ನಡೆಸುತ್ತಿದ್ದ ದರ್ಜಿ. ಅಳತೆಕೋಣೆಯ ಹಸಿರು ಬೆಂಚಿನ ಮೇಲೆ ಕೂತು, ಪಟ್ಟಿಯನ್ನು ತಾನೇ ಸುರುಳಿ ಸುತ್ತುತ್ತ, ಆಕೆ ನನ್ನ ಮುಖ ನೋಡಿ ಹೇಳಿದ ಮಾತು ಇದು:

“ನನ್ನ ಕಾಲು ಎರಡು ಸಲ ಹೋಯ್ತಲ್ಲಪ್ಪಾ. ಒಂದ್ಸಲ ಲಾರಿ ಕೆಳಗೆ, ಇನ್ನೊಂದ್ಸಲ ನಿಮ್ಮ ಡಬ್ಬಿ ಒಳಗೆ.”

ನಾನು ತಲೆ ತಗ್ಗಿಸಿ, ಮೇಡಂ ರಜೆಯಲ್ಲಿದ್ದಾರೆ ಎಂದೆ. ಆ ಉತ್ತರ ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತು ಎಂಬುದನ್ನು ಬರೆಯಲು ಈಗ ಅಸಹ್ಯವಾಗುತ್ತದೆ.

ಮೇಡಂ ಹಿಂದಿರುಗಿದ ಬೆಳಿಗ್ಗೆ ಕೈಚೀಲವನ್ನೂ ಇಳಿಸದೆ ಅಳತೆಕೋಣೆಯ ಕಂಪ್ಯೂಟರಿನ ಮುಂದೆ ಕೂತರು. ನಾನು ಹಿಂದೆ ನಿಂತಿದ್ದೆ. ಡಿಸ್ಕನ್ನು ಬಿಚ್ಚುವ ಆದೇಶ ಬರೆದರು, ಕೈ ಎತ್ತಿದರು, ಓದಿದರು, ಒತ್ತಿದರು. ಫೋಲ್ಡರಿನಲ್ಲಿ ಏನಿದೆ ಎಂದು ಕೇಳಿದರು. ನಲವತ್ತಮೂರು ಕಡತಗಳು ಸಾಲಾಗಿ ಬಂದು ನಿಂತವು, ಒಂದೂ ಕಡಿಮೆಯಿಲ್ಲದೆ. ದರ್ಜಿಯ ಅಳತೆ ಹದಿನೇಳನೆಯದು. ಇರಬೇಕಾದ ನಲವತ್ತನಾಲ್ಕನೆಯ ಕಡತ ಮಾತ್ರ, ಆ ಫಲಕ, ಇರಲಿಲ್ಲ. ಅವರು ಹಳೆಯ ಆದೇಶಗಳ ಪಟ್ಟಿಯನ್ನು ತೆಗೆದರು. ಸಾಲುಗಳು ಸರಸರನೆ ಮೇಲೇರಿದವು. ನಾಲ್ಕು ವಾರದ ಹಿಂದಿನ ಒಂದು ಬುಧವಾರದ ಸಾಲನ್ನು ನಾನು ನೋಡಿದೆ. ‘ಅಳಿಸು’ ಎಂಬ ಆದೇಶ, ಫಲಕದ ಹೆಸರು, ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎಡಗಡೆ ನನ್ನ ಹೆಸರು.

ಹೌದು, ಅದು ನಾನೇ. ಆ ಬುಧವಾರ ಡಿಸ್ಕನ್ನು ಹಿಗ್ಗಿಸಲೆಂದು ಎಲ್ಲ ಕಂಪ್ಯೂಟರುಗಳಿಂದಲೂ ಬಿಚ್ಚಿದ್ದೆವು. ಮೇಡಂ ಅಂಗಳದಾಚೆ ಕಾರ್ಯಾಗಾರದಲ್ಲಿದ್ದರು. ಅಳತೆಕೋಣೆಯ ಫೋಲ್ಡರು ಖಾಲಿ ಇದೆಯೇ ನೋಡಿ ಹೇಳು ಎಂದು ಫೋನಿನಲ್ಲಿ ಕೇಳಿದರು. ನೋಡಿದೆ. ಒಂದು ಕಡತ ಇತ್ತು. ಖಾಲಿ ಇರಬೇಕಾದ ಕಡೆ ಇದೇನು ಕಸ ಎಂದುಕೊಂಡೆ, ಅಳಿಸಿದೆ, “ಖಾಲಿ ಇದೆ ಮೇಡಂ” ಎಂದೆ. ಅವರು ನಂಬಿದರು. ಅವರ ಮೂವತ್ತಮೂರು ವರ್ಷದ ಸೇವೆಯಲ್ಲಿ ನಿರ್ಲಕ್ಷ್ಯವೆನ್ನುವಂಥದ್ದು ಏನಾದರೂ ಇದ್ದರೆ, ನನ್ನ ಆ ಮೂರು ಪದವನ್ನು ನಂಬಿದ್ದು ಒಂದೇ.

ಆ ಬೆಳಿಗ್ಗೆ ಅವರು ಪಟ್ಟಿಯನ್ನು ಕೊನೆಯವರೆಗೆ ಓಡಿಸಿ, ಪರದೆಯನ್ನು ಒರೆಸುವ ಆದೇಶ ಕೊಟ್ಟರು. ಪರದೆ ಕಪ್ಪಾಯಿತು. ಅವರ ಕಣ್ಣು ಆ ಸಾಲಿಗೆ ಬೀಳಲಿಲ್ಲ ಎಂದುಕೊಂಡು ನಾನು ಉಸಿರು ಬಿಟ್ಟೆ. ಅವರು ಎದ್ದು, ಫೋನು ಹಿಡಿದು, ಇನ್ನೂ ಬಂದಿರದ ಮೂವತ್ತೆರಡು ಮಂದಿಗೂ ಒಬ್ಬೊಬ್ಬರಿಗೇ ತಾವೇ ಕರೆ ಮಾಡಿದರು. ನಿಮ್ಮ ಅಳತೆ ಸಿಕ್ಕಿದೆ, ಬರಬೇಡಿ, ತಪ್ಪಾಯಿತು ಎಂದು ಮೂವತ್ತೆರಡು ಬಾರಿ ಹೇಳಿದರು. ಆಗಲೇ ಮನೆ ಬಿಟ್ಟಿದ್ದ ಇಬ್ಬರಿಗಾಗಿ ಬಸ್ಸು ನಿಲ್ದಾಣಕ್ಕೆ ಹೋಗಿ ಕಾದು, ಅವರನ್ನು ಕೂರಿಸಿಕೊಂಡು ಹಿಂದಿರುಗುವ ಬಸ್ಸು ಹತ್ತಿಸಿ ಬಂದರು. ತಪ್ಪು ಮಾಡಿದವನು ಆ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ.

ಇಷ್ಟಾದ ಮೂರನೆಯ ದಿನ, ನೆನಪಿರಲಿ, ಎಲ್ಲ ಅಳತೆಗಳೂ ಸಿಕ್ಕಿದ ಮೂರನೆಯ ದಿನ, ಅವರ ಸೇವಾ ಪುಸ್ತಕದಲ್ಲಿ ಆ ಆಡಳಿತಾಧಿಕಾರಿಗಳ ಕೈಯಿಂದಲೇ ಷರಾ ಬಿತ್ತು. ರಜೆಯ ಮೇಲೆ ತೆರಳುವ ಮುನ್ನ ಸೂಕ್ತ ವ್ಯವಸ್ಥೆ ಮಾಡದೆ, ಕರ್ತವ್ಯದಲ್ಲಿ ಗಂಭೀರ ನಿರ್ಲಕ್ಷ್ಯ ತೋರಿ, ನಲವತ್ತಮೂರು ಫಲಾನುಭವಿಗಳ ಅಳತೆಗಳು ನಷ್ಟವಾಗಲು ಕಾರಣರಾಗಿರುತ್ತಾರೆ ಎಂದು. ನಷ್ಟವೇ ಆಗದ ಅಳತೆಗಳು ಆ ಪುಸ್ತಕದಲ್ಲಿ ಹನ್ನೊಂದು ವರ್ಷದಿಂದ ನಷ್ಟವಾಗಿಯೇ ಇವೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಜ್ವರ ಬಿಟ್ಟ ಮೇಲೂ ಬರೆ ಹಾಕಿದ್ದನ್ನು ನಾನು ನಮ್ಮ ಕೇಂದ್ರದಲ್ಲೇ ಕಂಡದ್ದು. ವಿವರಣೆ ಕೇಳಿದ್ದಕ್ಕೆ ಮೇಡಂ ಕೊಟ್ಟ ಉತ್ತರ ಕಡತದಲ್ಲಿದೆ, ನಾನು ಓದಿದ್ದೇನೆ. ಒಂದೇ ಸಾಲು: ಸೂಚನಾ ಕಡತ ಸ್ಥಳದಲ್ಲಿ ಇರಲಿಲ್ಲ. ಯಾರು ತೆಗೆದರು ಎಂದು ಆಡಳಿತಾಧಿಕಾರಿಗಳು ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಹೆಸರು, ಹೆಸರು ಕೈಯಲ್ಲಿತ್ತು. ನಾನು ಹೇಳಲಿಲ್ಲ. ಆ ಕೋಣೆಯ ಬಾಗಿಲವರೆಗೆ ಎರಡು ಬಾರಿ ಹೋಗಿ ಹಿಂದಿರುಗಿದೆ. ಮೂರನೆಯ ಬಾರಿ ಬಾಗಿಲವರೆಗೂ ಹೋಗಲಿಲ್ಲ.

ಅದೇ ವರ್ಷ ನಾನು ಕಾಯಂ ಆದೆ. ಶಿಫಾರಸು ಪತ್ರ ಬರೆದವರು ಮೇಡಂ. ನಾಲ್ಕು ವರ್ಷದ ಹಿಂದೆ ವಿಭಾಗದ ಮುಖ್ಯಸ್ಥರ ಸ್ಥಾನ ತೆರವಾದಾಗ ಅರ್ಹತೆ, ಅನುಭವ, ಜ್ಯೇಷ್ಠತೆ ಮೂರರಲ್ಲೂ ಮುಂದಿದ್ದ ಅವರನ್ನು ಆ ಕೆಂಪು ಸಾಲು ತೋರಿಸಿ ಬದಿಗಿಟ್ಟರು, ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಮೇಡಂ ನನ್ನ ಕೋಣೆಗೆ ಬಂದರು. ಹದಿನಾಲ್ಕು ಕಂಪ್ಯೂಟರುಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು, “ಸರ್, ಎಲ್ಲ ಕಡೆ ಡಿಸ್ಕ್ ಬಂದಿದೆ. ನೀವು ಒಂದ್ಸಲ ನೋಡ್ಬಿಡಿ” ಎಂದರು. ಎಂಟು ವರ್ಷ ‘ಏ ಅವಸರದಪ್ಪ’ ಎಂದು ಕರೆದ ಬಾಯಲ್ಲಿ ಸರ್! ಅಂದಿನಿಂದ ನಾಲ್ಕು ವರ್ಷ, ಒಂದು ದಿನವೂ ತಪ್ಪದೆ, ಸರ್ ಮತ್ತು ನೀವು. ಯಾರಾದರೂ ನನ್ನನ್ನು ಹಿಡಿದು ಬಡಿದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗದಿದ್ದರೂ ನಾನು ದಿನಾ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಸಮಿತಿಯ ಪತ್ರ ಬಂದ ಮೇಲೆ, ಹಸನ್ಮುಖವೆಂಬ ಆ ಶಬ್ದವನ್ನು ಓದಿದ ಮೇಲೆ, ನನಗೆ ಸಹಿಸಲಾಗಲಿಲ್ಲ. ಕಳೆದ ತಿಂಗಳ ಒಂದು ಮಧ್ಯಾಹ್ನ ಅಳತೆಕೋಣೆಗೆ ಹೋದೆ. ಅವರು ಹಲ್ಲುಜ್ಜುವ ಬ್ರಷ್ಷಿನಿಂದ ಕೀಲಿಮಣೆ ತಿಕ್ಕುತ್ತಿದ್ದರು. ಬಾಗಿಲು ಹಾಕಿ, ನಿಂತುಕೊಂಡೇ, ಆ ಬುಧವಾರದ್ದನ್ನೆಲ್ಲ ಹೇಳಿದೆ. ಅವರು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತು. ಹನ್ನೊಂದು ಇಪ್ಪತ್ತು. ನೀನೇ ನನ್ನ ಹಿಂದೆ ನಿಂತಿದ್ದೆಯಲ್ಲ.”

ನಾಲ್ಕು ವರ್ಷದ ಮೇಲೆ ಅವರ ಬಾಯಲ್ಲಿ ‘ನೀನು’ ಬಂದಿತ್ತು. ಯಾಕೆ ಹೇಳಲಿಲ್ಲ ಮೇಡಂ ಎಂದೆ. ನನ್ನ ದನಿ ಏರಿತ್ತು. ಸಂಕಟಕ್ಕಿಂತ ಸಿಟ್ಟೇ ಹೆಚ್ಚಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ತಪ್ಪನ್ನು ನನ್ನನ್ನು ಕೇಳದೆ ಎತ್ತಿಕೊಂಡು ಹೋಗಿ, ಹನ್ನೊಂದು ವರ್ಷ ನನ್ನೆದುರೇ ಹೊತ್ತು ತಿರುಗುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಅವರು ಬ್ರಷ್ ಕೆಳಗಿಟ್ಟರು. “ನೀನಾಗ ತಾತ್ಕಾಲಿಕ. ಹೆಸರು ಹೇಳಿದ್ರೆ ಅವತ್ತು ಸಂಜೆಗೆ ಮನೆಗೆ ಕಳಿಸ್ತಿದ್ರು. ನನ್ನನ್ನ ಕಳಿಸೋಕೆ ಆಗ್ತಿರ್ಲಿಲ್ಲ, ಬರೀಬಹುದಿತ್ತು ಅಷ್ಟೆ. ಬರೆದ್ರು. ನೀನು ಕಾಯಂ ಆದ್ಮೇಲೆ ನೀನಾಗೇ ಹೋಗಿ ಹೇಳ್ತೀಯ ಅಂದ್ಕೊಂಡೆ. ಎರಡು ವರ್ಷ ಕಾದೆ. ಆಮೇಲೆ ಕಾಯೋದು ಬಿಟ್ಟೆ.”

ಇದನ್ನೆಲ್ಲ ಗ್ರಂಥದಲ್ಲಿ ಬರೆಯುತ್ತೇನೆ ಎಂದಷ್ಟೇ ಹೇಳಿದೆ.

“ಬರಿ. ಆದ್ರೆ ಕ್ಷಮಿಸಿದಾರೆ ಅಂತ ಬರೀಬೇಡ. ಕ್ಷಮಿಸಿಲ್ಲ. ಕೈ ಎತ್ತಿ ಓದು, ಆಮೇಲೆ ಕೊಡು.”

ಅವರ ಮಾತಿನಂತೆ ಬರೆದಿದ್ದೇನೆ. ಕೈ ಎತ್ತಿ ಮೂರು ಬಾರಿ ಓದಿದ್ದೇನೆ. ಅಭಿನಂದನ ಗ್ರಂಥಗಳಲ್ಲಿ ಹಿರಿಯರು ಯಾವಾಗಲೂ ಕ್ಷಮಾಶೀಲರು, ಸಹನಾಮೂರ್ತಿಗಳು, ಹೊಟ್ಟೆಗೆ ಹಾಕಿಕೊಳ್ಳುವವರು. ನಮ್ಮ ಮೇಡಂ ಹಾಗಲ್ಲ. ಅವರಿಗೆ ಕೋಪವಿದೆ, ಇರಬೇಕು. ಅದನ್ನು ನಗುಮುಖದ ಬಣ್ಣ ಬಳಿದು ಮುಚ್ಚಲು ಹೊರಟವರ ಜೊತೆ ನಾನು ಸೇರಲಾರೆ.

ಗೌರವ ಸಂಪಾದಕರನ್ನು ನಾನು ಕಂಡು ಬಂದೆ. ಆ ಬುಧವಾರದ ಆದೇಶದ ಸಾಲನ್ನು ಮುದ್ರಿಸಿ ಅವರ ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮುಗಿದ ಕತೆಯನ್ನು ಯಾಕೆ ಎತ್ತುತ್ತೀರಿ, ಸಮಾರಂಭ ಚೆನ್ನಾಗಿ ಆಗಲಿ, ಅವರಿಗೂ ಸಂತೋಷವಾಗಲಿ ಎಂದರು. ಅವರಿಗೆ ಸಂತೋಷವಾಗುವುದು ಹೇಗೆಂದು ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ ಎಂದು ಕೇಳಿ ಎದ್ದು ಬಂದೆ. ಈ ಸಂಪುಟದ ಎಲ್ಲ ಲೇಖನಗಳೂ ಮೇಡಂ ಕಾಯುವ ಅದೇ ಡಿಸ್ಕಿನಲ್ಲಿ ಇವೆ. ನನ್ನ ಲೇಖನದಿಂದ ಯಾರಾದರೂ ಒಂದು ಸಾಲು ತೆಗೆದರೆ, ತೆಗೆದವರ ಹೆಸರು, ದಿನ, ಗಂಟೆ ಅಲ್ಲಿ ಉಳಿಯುತ್ತದೆ. ಅದನ್ನು ಓದುವುದನ್ನು ನನಗೆ ಕಲಿಸಿದವರು ಸನ್ಮಾನದ ಕುರ್ಚಿಯಲ್ಲೇ ಕೂತಿರುತ್ತಾರೆ.

ಈಗಿನ ನಿರ್ದೇಶಕರಾದ ವೈದ್ಯರು ನನ್ನ ಲಿಖಿತ ಹೇಳಿಕೆಯನ್ನು ಸ್ವೀಕರಿಸಿದ್ದಾರೆ. ಕೇಂದ್ರದ ನಿಯಮವನ್ನೂ ತಿಳಿಸಿದ್ದಾರೆ. ತಪ್ಪೊಪ್ಪಿಕೊಂಡವರ ಪುಸ್ತಕಕ್ಕೆ ಷರಾ ಬರೆಯಲು ನಿರ್ದೇಶಕರ ಸಹಿ ಸಾಕು. ಆದರೆ ಹಳೆಯ ಪುಸ್ತಕದಿಂದ ಅದನ್ನು ಹೊಡೆದುಹಾಕಲು ಅದನ್ನು ಬರೆದವರು, ಅವರು ಬದುಕಿರುವವರೆಗೆ, ತಾವೇ ಸಹಿ ಹಾಕಬೇಕು. ಹೋದ ಗುರುವಾರ ನನ್ನ ಸೇವಾ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ಕೆಂಪು ಶಾಯಿ ಬಿತ್ತು. ನನ್ನ ಕುರ್ಚಿಯ ಗತಿ ಏನಾಗುತ್ತದೆಂದು ಬರುವ ತಿಂಗಳು ತೀರ್ಮಾನಿಸುತ್ತಾರಂತೆ, ಆಗಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಮೇಡಂ, ನೀವು ನೂರು ಕಾಲ ಬಾಳಬೇಕು. ನಿಮ್ಮ ಅಕ್ಕನ ಜೊತೆ, ಇಷ್ಟು ವರ್ಷ ಕೇಂದ್ರಕ್ಕೆ ಕೊಟ್ಟ ಭಾನುವಾರಗಳನ್ನೆಲ್ಲ ಹಿಂದಕ್ಕೆ ಪಡೆದು ಬಾಳಬೇಕು. ಮನೆಯಲ್ಲೂ ಕಪ್ಪು ಪರದೆ ತೆರೆದುಕೊಂಡು ಕೂರುತ್ತೀರೆಂದು ಬಲ್ಲೆ. ನಿಮ್ಮ ಕೈಯಿಂದ ಇನ್ನೂ ನಾಲ್ಕು ಜನ ಅವಸರದವರು ನಿಧಾನ ಕಲಿಯಲಿ. ನಿಮ್ಮ ಕೋಪವೂ ನಿಮ್ಮೊಂದಿಗೆ ಆರೋಗ್ಯ­ವಾಗಿರಲಿ. ನನ್ನನ್ನು ಮಾತ್ರ ಇನ್ನು ಸರ್ ಎನ್ನಬೇಡಿ.

ಉಳಿದದ್ದು ನಿಮ್ಮ ಪಾಠದಂತೆಯೇ ಮಾಡಿದ್ದೇನೆ. ನಕಲು ಆಗಿದೆ, ನನ್ನ ಪುಸ್ತಕದಲ್ಲಿದೆ. ತಾಳೆಯನ್ನೂ ನೋಡಿದ್ದೇನೆ, ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ‘ಗಂಭೀರ ನಿರ್ಲಕ್ಷ್ಯ’ ಎಂಬಲ್ಲಿಯವರೆಗೂ ಅಕ್ಷರ ಅಕ್ಷರ ಗಟ್ಟಿಯಾಗಿ ಓದಿದ್ದೇನೆ. ಅಳಿಸುವುದೊಂದು ಬಾಕಿ. ಸಮಾರಂಭದ ದಿನ ನಿಮ್ಮ ಸೇವಾ ಪುಸ್ತಕ ಮೂವತ್ತೆರಡನೆಯ ಪುಟಕ್ಕೆ ತೆರೆದು, ವೇದಿಕೆಯ ಮೇಜಿನ ಮೇಲೆ, ಸನ್ಮಾನ ಫಲಕದ ಪಕ್ಕದಲ್ಲಿ ಇರುತ್ತದೆ. ಗೌರವ ಸಂಪಾದಕರು ಫಲಕವನ್ನು ಎತ್ತಿಕೊಳ್ಳುವ ಮೊದಲು ಅಲ್ಲಿ ಸಹಿ ಹಾಕಲಿ. ಪೆನ್ನು ನಾನು ತರುತ್ತೇನೆ.